ದೇವರ ಮೀನನ್ನು ಕಾಯುವವರು ಯಾರು?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಮೀನಿನ ವಿಷಯ ಹೇಳುತ್ತೇನೆ. ಅದಕ್ಕೆ ಕಾರಣ ಈ ಶಾಲೆಯೇ.

ಒಂಬತ್ತನೇ ತರಗತಿಯ ಬೇಸಿಗೆಯಲ್ಲಿ ನಾವು ನಾಲ್ವರು ಹುಡುಗರು ಹಳ್ಳದ ಗುಂಡಿಯೊಂದಕ್ಕೆ ಕಾರೆಕಾಯಿ ಜಜ್ಜಿ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೀನು ತೇಲಿದವು. ದೊಡ್ಡವನ್ನು ಆರಿಸಿ ಮನೆಗೆ ಒಯ್ದೆವು. ವಿಷಯ ತಿಳಿದ ಮೇಷ್ಟ್ರು ಹೊಡೆಯಲಿಲ್ಲ. ಮರುದಿನ ಅಲ್ಲಿಗೇ ಕರೆದೊಯ್ದು, "ಬಿಟ್ಟು ಬಂದಿರೋ ಮರಿಗಳನ್ನ ಎಣಿಸ್ರೋ" ಎಂದರು. ಇನ್ನೂರು ದಾಟಿದ ಮೇಲೆ ನಮ್ಮಿಂದ ಎಣಿಸಲಾಗಲಿಲ್ಲ.

ಮುಂದಿನ ವರ್ಷ ಶಾಲಾ ಪ್ರವಾಸದಲ್ಲಿ ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿ ಎಸೆದೆವು. ದೊಡ್ಡ ದೊಡ್ಡ ಮಹಶೀರ್ ಮೀನುಗಳು ಬಾಯಿ ತೆರೆದು ಬಂದವು. ಅಲ್ಲಿ ಅವು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲೂ ಕಪಿಲಾ ನದಿಯ ಮಹಶೀರ್‌ಗಳಿಗೆ ಶಿಶಿಲೇಶ್ವರನ ರಕ್ಷೆಯಿದೆ. ಆದರೂ 1996ರಲ್ಲಿ ಕಿಡಿಗೇಡಿಗಳು ಆ ನೀರಿಗೇ ವಿಷ ಹಾಕಿದರು. ರಾಶಿ ರಾಶಿ ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ.

ಕಾವೇರಿಯ ಗೂನುಬೆನ್ನಿನ ಮಹಶೀರ್‌ನ ಕಥೆ ಇನ್ನೂ ಕಷ್ಟದ್ದು. ನದಿಯ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕಿದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ನೆಲೆಯಿಲ್ಲ. 2018ರಲ್ಲಿ ಇದನ್ನು ಅಳಿವಿನಂಚಿನ ಮೀನುಗಳ ಪಟ್ಟಿಗೆ ಸೇರಿಸಿದರು. ಅಣೆಕಟ್ಟು, ಮರಳುಗಾರಿಕೆ, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ತಳಿ, ಎಲ್ಲವೂ ಕಾರಣ. ಜೊತೆಗೆ ಸಿಡಿಮದ್ದು. ಬೇಸಿಗೆಯಲ್ಲಿ ಮೀನೆಲ್ಲ ಆಳದ ಮಡುವಿಗೆ ಸೇರುತ್ತವೆ. ಅಲ್ಲಿ ಸಿಡಿಸಿದರೆ ತಾಯಿ, ಮರಿ ಎನ್ನದೆ ಸಾಯುತ್ತವೆ. ಎಷ್ಟೋ ಮೀನು ತಳಕ್ಕಿಳಿದು ಕೊಳೆಯುತ್ತವೆ, ಹಿಡಿಯುವವನಿಗೂ ದಕ್ಕುವುದಿಲ್ಲ.

ಇದಕ್ಕೆ ಕಾನೂನು ಇಲ್ಲವೇ? ವಿಷ ಹಾಕಿ, ಮದ್ದು ಸಿಡಿಸಿ ಮೀನು ಕೊಲ್ಲುವುದು ಅಪರಾಧ ಎಂದು 1897ರ ಮೀನುಗಾರಿಕೆ ಕಾಯ್ದೆಯೇ ಹೇಳಿದೆ. ನಮ್ಮ ಮಾರಿಕಣಿವೆ ಕಟ್ಟೆ ಮುಗಿದದ್ದು 1907ರಲ್ಲಿ. ಅಂದರೆ ನಿಷೇಧ ಕಟ್ಟೆಗಿಂತ ಹಳೆಯದು. ಕಟ್ಟೆ ಗಟ್ಟಿಯಾಗಿ ನಿಂತಿದೆ, ನಿಷೇಧ ನಿಂತಿಲ್ಲ. ಮೈಲುಗಟ್ಟಲೆ ಹೊಳೆಗೆ ಬೆರಳೆಣಿಕೆಯ ಕಾವಲುಗಾರರು ಸಾಲುವುದಿಲ್ಲ. ರಜೆಯಲ್ಲಿ ಹೊಳೆದಂಡೆಗೆ ಹೋಗಿ "ದೊಡ್ಡ ಮೀನು ಸಿಗುತ್ತಾ?" ಎಂದು ಕೇಳುವ ನಮ್ಮಂಥ ಬೆಂಗಳೂರಿನವರೂ ಇದರಲ್ಲಿ ಪಾಲುದಾರರೇ. ಕೊಳ್ಳುವವನಿರುವ ತನಕ ಕದಿಯುವವನೂ ಇರುತ್ತಾನೆ.

1933ರ ನಂತರ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ನೀರಿನೊಳಗಿನ ಜೀವಕ್ಕೂ ಅದೇ ಬೆಲೆ ಕೊಡೋಣ. ಬಲೆ ಬೀಸಿ ಬದುಕುವವರನ್ನು ನಾನು ದೂರುತ್ತಿಲ್ಲ. ನಮ್ಮ ಕೆರೆ ಹಳ್ಳಗಳಿಗೆ ವಿಷ, ಮದ್ದು ಹಾಕುವುದಿಲ್ಲ, ಹಾಕಲು ಬಿಡುವುದಿಲ್ಲ ಎಂದು ಈ ಸುವರ್ಣ ವರ್ಷದಲ್ಲಿ ಊರು ಒಂದು ಮಾತು ಕೊಟ್ಟರೆ ಸಾಕು.

ಆ ದಿನ ನಿಲ್ಲಿಸಿದ ಎಣಿಕೆಯನ್ನು ನಾನು ಮರೆತಿಲ್ಲ. ಎಣಿಸಲು ಹೇಳಿದ ಗುರುಗಳಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.