ಆಮೆಯ ತಟ್ಟೆಯಲ್ಲಿ ಯಾರ ಮೀನು?

ಇವತ್ತು ಆಮೆ ಬಗ್ಗೆ ಮಾತಾಡ್ತೀನಿ. ರೆಸಾರ್ಟ್ ರಾಜಕೀಯ ಇಲ್ಲ, ಬಣ ಬಡಿದಾಟ ಇಲ್ಲ, ಬರೀ ಆಮೆ. ಅದೂ ನಮ್ಮೂರ ಕೆರೆಯ ಆಮೆ ಅಲ್ಲ, ಚೀನಾದ ಆಮೆ. ರಿಮೋಟ್ ಕೈಗೆ ತಗೋಬೇಡಿ. ಈ ಆಮೆ ಏನು ತಿನ್ನುತ್ತೆ ಅನ್ನೋ ಪ್ರಶ್ನೆ ಪೆರು ದೇಶದ ಕಡಲಿನಿಂದ ಹೊರಟು ನಮ್ಮ ಉಳ್ಳಾಲ, ಮಲ್ಪೆವರೆಗೂ ಬರುತ್ತೆ. ಹತ್ತು ನಿಮಿಷ ಕೊಡಿ, ಸಾಕು.

ನಾವು ಕೋಳಿ ಸಾಕಿದ ಹಾಗೆ ಚೀನಾದಲ್ಲಿ ಆಮೆ ಸಾಕ್ತಾರೆ. ಚಿಪ್ಪು ಗಟ್ಟಿಯಿಲ್ಲದ, ಚರ್ಮದಂಥ ಬೆನ್ನಿನ, ಮೂತಿ ಚೂಪಾದ ಮೆದು ಚಿಪ್ಪಿನ ಆಮೆ ಅದು. ಝೆಜಿಯಾಂಗ್, ಹುಬೆ, ಹುನಾನ್ ಪ್ರಾಂತ್ಯಗಳಲ್ಲಿ ಇದು ದೊಡ್ಡ ಉದ್ಯಮ. ವರ್ಷಕ್ಕೆ 3 ಲಕ್ಷ ಟನ್‌ಗೂ ಹೆಚ್ಚು ಆಮೆ ಬೆಳೀತಾರೆ. ಸೂಪ್ ಮಾಡ್ತಾರೆ, ಔಷಧಿಗೆ ಬಳಸ್ತಾರೆ, ಮೈಗೆ ಶಕ್ತಿ ಅಂತ ನಂಬ್ತಾರೆ.

ಈ ನಂಬಿಕೆಗೆ ಎಷ್ಟು ಬಲ ಇದೆ ಗೊತ್ತಾ? 1993ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ನಡೆಯಿತು. ಮಹಿಳೆಯರ 1500, 3000, 10,000 ಮೀಟರ್, ಮೂರೂ ಚಿನ್ನ ಚೀನಾದ ಹುಡುಗಿಯರ ಪಾಲು. ಅವರ ಕೋಚ್ ಮಾ ಜುನ್‌ರೆನ್ ಹೇಳಿದ ಗುಟ್ಟುಗಳಲ್ಲಿ ಒಂದು ಆಮೆಯ ರಕ್ತ! ಮುಂದೆ ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನ ಅವರ ಹಲವು ಓಟಗಾರ್ತಿಯರನ್ನು ರಕ್ತಪರೀಕ್ಷೆ ಆದಮೇಲೆ ತಂಡದಿಂದ ಕೈಬಿಟ್ಟರು. ಆ ಗುಟ್ಟಿನ ಬೆಲೆ ಏನು ಅಂತ ಆಗ ಗೊತ್ತಾಯಿತು. ಆದರೆ ಅಷ್ಟರಲ್ಲಿ ಆಮೆಗೆ ಬೇಡಿಕೆ ಏರಿ ಆಗಿತ್ತು, ಸಾಕಣೆ ಹಬ್ಬಿ ಆಗಿತ್ತು.

ಇಲ್ಲಿ ಒಂದು ವಾದ ಇದೆ. ಸಾಕಿದ ಆಮೆ ಮಾರುಕಟ್ಟೆಗೆ ಬಂದರೆ ಕಾಡಿನ, ಹೊಳೆಯ ಆಮೆ ಬದುಕಿಕೊಳ್ಳುತ್ತೆ ಅನ್ನೋದು. ಕೇಳೋಕೆ ಚೆನ್ನಾಗಿದೆ. ಕೊರೊನಾ ಬಂದಾಗ, 2020ರ ಫೆಬ್ರವರಿಯಲ್ಲಿ, ಚೀನಾ ನೆಲದ ಮೇಲಿನ ಕಾಡುಪ್ರಾಣಿಗಳನ್ನು ತಿನ್ನೋದು ನಿಷೇಧ ಮಾಡಿತು. ಆದರೆ ಈ ಮೆದು ಚಿಪ್ಪಿನ ಆಮೆ ಜಲಚರ, ಮೀನಿನ ಲೆಕ್ಕ ಅಂತ ಹೊರಗಿಟ್ಟಿತು. ಅಂದರೆ ಉದ್ಯಮಕ್ಕೆ ಸರ್ಕಾರದ ಮೊಹರು ಬಿತ್ತು.

ಸರಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಒಂದು ಪಾಠ ತಲೆಗೆ ತುಂಬಿ ಕಳಿಸ್ತಾರೆ. ಯಾವುದೇ ಯಂತ್ರ ನೋಡು, ಒಳಗೆ ಏನು ಹೋಗುತ್ತೆ, ಹೊರಗೆ ಏನು ಬರುತ್ತೆ ಅಂತ ಮೊದಲು ಬರೆದುಕೋ. ಆಮೆ ಫಾರಂ ಕೂಡ ಒಂದು ಯಂತ್ರವೇ. ಹೊರಗೆ ಬರೋದು ಆಮೆ. ಒಳಗೆ ಹೋಗೋದು ಏನು?

ಆಮೆ ಸಸ್ಯಾಹಾರಿ, ಪಾಪದ ಪ್ರಾಣಿ ಅಂತ ನಾವು ಅಂದುಕೊಂಡಿರ್ತೀವಿ. ಈ ಆಮೆ ಹಾಗಲ್ಲ. ಹೊಳೆಯಲ್ಲಿ ಮೀನು, ಸಿಗಡಿ, ಬಸವನಹುಳು, ಕೀಟ ಹಿಡಿದು ತಿನ್ನೋ ಬೇಟೆಗಾರ. ಹಾಗಾಗಿ ಸಾಕುವವರು ಕೊಡುವ ಫೀಡ್‌ನಲ್ಲಿ ನೂರಕ್ಕೆ 40ರಿಂದ 50 ಭಾಗ ಪ್ರೋಟೀನ್ ಇರಲೇಬೇಕು. ಆ ಪ್ರೋಟೀನ್ ಬರೋದು ಮುಖ್ಯವಾಗಿ ಮೀನಿನ ಹಿಟ್ಟಿನಿಂದ, ಅಂದರೆ ಫಿಶ್‌ಮೀಲ್. ವಾಡಿಕೆಯ ಆಮೆ ಫೀಡ್‌ನಲ್ಲಿ ಅರ್ಧ ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಇದೇ ಇರುತ್ತೆ. ಪುಡಿಗೆ ನೀರು ಹಾಕಿ ಮುದ್ದೆ ಥರ ಕಲಸಿ ನೀರಿನ ಅಂಚಿಗೆ ಇಡ್ತಾರೆ.

ಈಗ ಲೆಕ್ಕ ಹಾಕಿ. 1 ಕಿಲೋ ಮೀನಿನ ಹಿಟ್ಟಿಗೆ 4ರಿಂದ 5 ಕಿಲೋ ಹಸಿ ಮೀನು ಬೇಕು. ಬೇಯಿಸಿ, ಹಿಂಡಿ, ಒಣಗಿಸಿ, ಪುಡಿ ಮಾಡಿದಾಗ ಉಳಿಯೋದು ಅಷ್ಟೇ. ಹಾಗಾದರೆ 1 ಕಿಲೋ ಆಮೆ ಫೀಡ್ ಅಂದರೆ 2 ಕಿಲೋಗೂ ಮೀರಿ ಹಸಿ ಮೀನು. ಒಂದು ಕಿಲೋ ಫೀಡ್ ತಿಂದ ಆಮೆ ಒಂದು ಕಿಲೋ ಬೆಳೆಯೋದೂ ಇಲ್ಲ. ಹೊಳೆಯ ಆಮೆ ಉಳಿಸ್ತೀವಿ ಅಂತ ಹೊರಟವರು ಭಾರವನ್ನು ಹೊಳೆಯಿಂದ ಎತ್ತಿ ಸಮುದ್ರದ ಹೆಗಲ ಮೇಲೆ ಇಟ್ಟರು, ಅಷ್ಟೇ.

ಯಾವ ಸಮುದ್ರ? ಮೀನಿನ ಹಿಟ್ಟನ್ನು ಅತಿ ಹೆಚ್ಚು ರಫ್ತು ಮಾಡೋ ದೇಶ ಪೆರು, ಅತಿ ಹೆಚ್ಚು ಕೊಳ್ಳೋ ದೇಶ ಚೀನಾ. ಪೆರುವಿನಲ್ಲಿ ಆಂಕೊವೆಟಾ ಅನ್ನೋ ಬೆರಳುದ್ದದ ಮೀನು ಸಿಗುತ್ತೆ. ಎಲ್ ನಿನೊ ಬಂದು ಕಡಲು ಬಿಸಿಯಾದರೆ ಆ ಮೀನು ಮಾಯ. 1972-73ರಲ್ಲಿ ಹೀಗೇ ಕುಸಿದುಬಿತ್ತು. 2023ರಲ್ಲಿ ಬರೀ ಮರಿಮೀನು ಸಿಗ್ತಿದೆ ಅಂತ ಪೆರು ಸರ್ಕಾರ ತನ್ನ ಮುಖ್ಯ ವಲಯದ ಮೊದಲ ಮೀನುಗಾರಿಕೆ ಋತುವನ್ನೇ ರದ್ದು ಮಾಡಿತು. ಅಲ್ಲಿ ಬಲೆ ಖಾಲಿಯಾದರೆ ಝೆಜಿಯಾಂಗ್‌ನ ಆಮೆ ರೈತನ ಜೇಬು ಸುಡುತ್ತೆ.

ಈಗ ನಮ್ಮ ಕಡೆಗೆ ಬನ್ನಿ. ಉಳ್ಳಾಲದಲ್ಲಿ, ಮಲ್ಪೆ ಕಡೆ, ಮೀನಿನ ಹಿಟ್ಟು, ಮೀನಿನ ಎಣ್ಣೆ ತಯಾರಿಸೋ ಕಾರ್ಖಾನೆಗಳಿವೆ. ವಾಸನೆ ಬಗ್ಗೆ ಅಲ್ಲಿಯವರನ್ನು ಕೇಳಿ, ಹೇಳ್ತಾರೆ. ಅಲ್ಲಿಗೆ ಹೋಗೋದು ಬಲೆಗೆ ಬಿದ್ದ ಸಣ್ಣಪುಟ್ಟ ಮೀನು, ಮತ್ತೆ ಬೂತಾಯಿ. ಬೂತಾಯಿ ಅಂದರೆ ಕರಾವಳಿಯ ಬಡವರ ಮೀನು. ಕುಚ್ಚಲಕ್ಕಿ ಗಂಜಿ ಪಕ್ಕ ಎರಡು ಬೂತಾಯಿ ಇದ್ದರೆ ಕೂಲಿ ಮಾಡೋ ಮನೆಯ ಊಟಕ್ಕೆ ಪ್ರೋಟೀನ್ ಸಿಕ್ಕಿತು ಅಂತ ಲೆಕ್ಕ. ಭಾರತದ ಮೀನಿನ ಹಿಟ್ಟು ಚೀನಾಕ್ಕೂ ರಫ್ತಾಗುತ್ತೆ.

ಮೀನುಗಾರರನ್ನು ಬೈಯೋದು ಬೇಡ. ಬಲೆ ತುಂಬಿ ಬಂದ ದಿನ, ಪೇಟೆಯಲ್ಲಿ ಕೊಳ್ಳೋರಿಲ್ಲದೆ ಮೀನು ಕೊಳೆಯೋ ಹೊತ್ತಿಗೆ ಕಾರ್ಖಾನೆಯೇ ಅವರ ಕೈ ಹಿಡಿಯೋದು. ಇದೂ ನಿಜ. ಆದರೆ ಕಾರ್ಖಾನೆಗೆ ವರ್ಷಪೂರ್ತಿ ಹಸಿವು. ಆ ಹಸಿವಿಗೆ ಮರಿಮೀನೂ ಹೋಗುತ್ತೆ. ಬೂತಾಯಿ ಮೊದಲೇ ನಂಬಿಕೆಯ ಮೀನಲ್ಲ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಮೂರೂವರೆ ಸಾವಿರ ಟನ್‌ಗಿಂತ ಕಮ್ಮಿ. ಕಡಲಿನ ಬಿಸಿ, ಮಳೆ, ಮೇವು, ಅತಿಯಾದ ಬೇಟೆ, ಕಾರಣ ಹಲವು ಇವೆ. ಹೀಗೆ ಏಳುಬೀಳಿನ ಮೀನನ್ನು ನಂಬಿ ಇಡೀ ಫೀಡ್ ಉದ್ಯಮ ಕೂತಿದೆ.

ಹಾಗಾದರೆ ಮೀನಿನ ಹಿಟ್ಟಿನ ಬದಲು ಏನು? ಚೀನಾದ ವಿಜ್ಞಾನಿಗಳು ವರ್ಷಗಳಿಂದ ಇದನ್ನೇ ಹುಡುಕ್ತಾ ಇದ್ದಾರೆ.

ಮೊದಲನೆಯದು ಸೋಯಾ ಹಿಂಡಿ. ನೂರಕ್ಕೆ 45ರ ಆಸುಪಾಸು ಪ್ರೋಟೀನ್, ಮೀನಿನ ಹಿಟ್ಟಿಗಿಂತ ಅಗ್ಗ. ಸಮಸ್ಯೆ ಏನು? ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡೋ ಅಂಶಗಳಿವೆ, ಮೆಥಿಯೊನಿನ್ ಅನ್ನೋ ಅಮೈನೋ ಆಮ್ಲ ಕಮ್ಮಿ, ಮೀನಿನ ವಾಸನೆ ಇಲ್ಲ. ಜಾಸ್ತಿ ಹಾಕಿದರೆ ಆಮೆ ಬೆಳೆಯೋದು ನಿಧಾನ. ನಮ್ಮ ದೋಸೆ ಹಿಟ್ಟಿನ ಹಾಗೆ ಹುದುಗು ಬರಿಸಿದರೆ ಆ ಅಡ್ಡಿ ಕಮ್ಮಿಯಾಗುತ್ತೆ. ಆದರೂ ಒಂದು ಭಾಗ ಬದಲಿಸಬಹುದೇ ಹೊರತು ಪೂರ್ತಿ ಅಲ್ಲ. ಮೇಲಾಗಿ ಚೀನಾ ವರ್ಷಕ್ಕೆ ಸುಮಾರು 10 ಕೋಟಿ ಟನ್ ಸೋಯಾ ಹೊರಗಿನಿಂದ ತರಿಸುತ್ತೆ. ಅದಕ್ಕೇ 2023ರಲ್ಲಿ ಆ ಸರ್ಕಾರ ಒಂದು ಯೋಜನೆ ಹೊರಡಿಸಿತು: ಪಶು ಆಹಾರದಲ್ಲಿ ಸೋಯಾ ಹಿಂಡಿಯ ಪಾಲು ನೂರಕ್ಕೆ 14.5ರಿಂದ 2025ಕ್ಕೆ 13ಕ್ಕಿಂತ ಕೆಳಗೆ ಬರಬೇಕು ಅಂತ. ಒಂದು ಆಮದು ಬಿಟ್ಟು ಇನ್ನೊಂದು ಆಮದು ಹಿಡಿದರೆ ಬಾಣಲೆಯಿಂದ ಬೆಂಕಿಗೆ.

ಎರಡನೆಯದು ಕಸಾಯಿಖಾನೆಯ ಉಳಿಕೆ, ಮಾಂಸ-ಮೂಳೆ ಹಿಟ್ಟು. ಇಲ್ಲಿ ಬ್ರಿಟನ್ ಕಲಿಸಿದ ಪಾಠ ನೆನಪಿರಲಿ. ದನಕ್ಕೆ ದನದ ಮೂಳೆ ಹಿಟ್ಟು ತಿನ್ನಿಸಿ ಹುಚ್ಚು ಹಸು ರೋಗ ಹಬ್ಬಿತು. 1996ರಲ್ಲಿ ಅದಕ್ಕೂ ಮನುಷ್ಯರ ಮೆದುಳಿನ ರೋಗಕ್ಕೂ ನಂಟಿದೆ ಅಂತ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ಅಗ್ಗದ ಫೀಡ್ ಯಾವಾಗಲೂ ಅಗ್ಗ ಅಲ್ಲ.

ಮೂರನೆಯದು ಹುಳು. ಮುಖ ಸಿಂಡರಿಸಬೇಡಿ, ಹೊಳೆಯ ಆಮೆ ಹುಳು ತಿಂದೇ ಬೆಳೆದದ್ದು. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ಕಪ್ಪು ನೊಣ, ಕಚ್ಚೋದಿಲ್ಲ. ಅದರ ಮರಿಹುಳು ಎರಡು ವಾರಗಳಲ್ಲಿ ಹಣ್ಣು-ತರಕಾರಿ ಉಳಿಕೆ, ಅಡುಗೆಮನೆಯ ಹಸಿ ಕಸ ತಿಂದು ಕೊಬ್ಬುತ್ತೆ. ಒಣಗಿಸಿದರೆ ನೂರಕ್ಕೆ 40ರಷ್ಟು ಪ್ರೋಟೀನ್, ಎಣ್ಣೆ ತೆಗೆದರೆ ಇನ್ನೂ ಜಾಸ್ತಿ. ಯುರೋಪಿನ ಒಕ್ಕೂಟ 2017ರಲ್ಲೇ ಸಾಕು ಮೀನಿನ ಆಹಾರಕ್ಕೆ ಕೀಟದ ಪ್ರೋಟೀನ್ ಬಳಸಲು ಒಪ್ಪಿಗೆ ಕೊಟ್ಟಿತು. ಆದರೆ ದುಡ್ಡಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ. ಹಿಟ್ಟಿನ ಹುಳು ಸಾಕಲು ಹೊರಟ ಫ್ರಾನ್ಸಿನ ಇನ್ಸೆಕ್ಟ್ ಕಂಪನಿ 50 ಕೋಟಿ ಡಾಲರ್‌ಗೂ ಹೆಚ್ಚು ಬಂಡವಾಳ ಎತ್ತಿ, 2024ರಲ್ಲಿ ಸಾಲಗಾರರಿಂದ ರಕ್ಷಣೆ ಕೊಡಿ ಅಂತ ಕೋರ್ಟ್ ಮೆಟ್ಟಿಲು ಹತ್ತಿತು.

ನಾಲ್ಕನೆಯದು ನನ್ನಂಥ ಎಂಜಿನಿಯರಿಂಗ್ ಓದಿದವರಿಗೆ ರೋಮಾಂಚನ ಕೊಡೋ ವಿಷಯ. ಉಕ್ಕಿನ ಕಾರ್ಖಾನೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ವಿಷದ ಗಾಳಿ. ಅದನ್ನೇ ತಿನ್ನೋ ಒಂದು ಬ್ಯಾಕ್ಟೀರಿಯಾ ಇದೆ. ತಿಂದು ಎಥನಾಲ್ ಮಾಡುತ್ತೆ. ಉಳಿದ ಬ್ಯಾಕ್ಟೀರಿಯಾವನ್ನು ಒಣಗಿಸಿದರೆ ಪ್ರೋಟೀನ್ ಪುಡಿ. 2021ರಲ್ಲಿ ಚೀನಾದ ಕೃಷಿ ಸಚಿವಾಲಯ ಇದನ್ನು ಫೀಡ್ ಪದಾರ್ಥ ಅಂತ ಒಪ್ಪಿತು. ಹೊಲ ಬೇಡ, ಬಲೆ ಬೇಡ, ಚಿಮಣಿ ಸಾಕು!

ಇಷ್ಟು ಆಯ್ಕೆಗಳಲ್ಲಿ ಯಾವುದು ಒಳ್ಳೇದು ಅಂತ ಹೇಗೆ ತೀರ್ಮಾನ ಮಾಡೋದು? ಬೆಳವಣಿಗೆ ಎಷ್ಟು, ಕಿಲೋಗೆ ಎಷ್ಟು ರೂಪಾಯಿ, ಇದನ್ನು ಕಂಪನಿಗಳು ನೋಡಿಕೊಳ್ತವೆ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಫೀಡ್ ಚೀಲ ಸೇರೋಕೆ ಮುಂಚೆ ಅದು ಏನಾಗಿತ್ತು? ಯಾರದೋ ಊಟವಾಗಿತ್ತಾ, ಯಾರಿಗೂ ಬೇಡದ ಕಸವಾಗಿತ್ತಾ?

ಈ ಅಳತೆಗೋಲು ಹಿಡಿದರೆ ಎಲ್ಲ ಮೀನಿನ ಹಿಟ್ಟೂ ಪಾಪದ್ದಲ್ಲ. ಮೀನಿನ ತುಂಡು ಕತ್ತರಿಸಿ ಪ್ಯಾಕ್ ಮಾಡೋ ಕಡೆ ಉಳಿದ ತಲೆ, ಮೂಳೆಯಿಂದ ಮಾಡಿದ ಹಿಟ್ಟು ಪರವಾಗಿಲ್ಲ. ಹಸಿ ಕಸದ ಹುಳು ಪರವಾಗಿಲ್ಲ, ಚಿಮಣಿಯ ಬ್ಯಾಕ್ಟೀರಿಯಾ ಪರವಾಗಿಲ್ಲ. ಆದರೆ ಒಳ್ಳೇ ಕಾಳು ಹಾಕಿ ಹುಳು ಸಾಕಿ ‘ಪರಿಸರಸ್ನೇಹಿ’ ಅಂತ ಚೀಟಿ ಅಂಟಿಸಿದರೆ ಅದು ಮೋಸ. ತಾಜಾ ಬೂತಾಯಿ, ಅದರ ಮರಿ ಹಿಟ್ಟಾಗೋದು ಅನ್ಯಾಯ.

ನಮ್ಮಲ್ಲಿ ಆಮೆ ಫಾರಂ ಇಲ್ಲ. 1972ರ ವನ್ಯಜೀವಿ ಕಾಯ್ದೆ ನಮ್ಮ ಆಮೆಗಳನ್ನು ಕಾಯುತ್ತೆ, ಒಳ್ಳೇದೇ ಆಯಿತು. ಆದರೆ ನಮ್ಮಲ್ಲಿ ಸಿಗಡಿ ಕೆರೆ ಇದೆ, ಮೀನು ಸಾಕಣೆ ಇದೆ, ಕೋಳಿ ಫಾರಂ ಇದೆ. ಅವಕ್ಕೂ ಇದೇ ಪ್ರಶ್ನೆ. ಬೆಂಗಳೂರು ದಿನಕ್ಕೆ ಸಾವಿರಾರು ಟನ್ ಕಸ ಹೊರಹಾಕುತ್ತೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಹಸಿ ಕಸ. ಅದನ್ನು ಲಾರಿಯಲ್ಲಿ ತುಂಬಿ ಯಾವುದೋ ಹಳ್ಳಿಯ ಪಕ್ಕ ಸುರಿದು, ಆ ಹಳ್ಳಿಯವರ ಕೈಲಿ ಬೈಸಿಕೊಳ್ತೀವಿ. ಇತ್ತ ಕರಾವಳಿಯಲ್ಲಿ ಊಟದ ಮೀನನ್ನು ಪುಡಿ ಮಾಡ್ತೀವಿ. ಕಸ ಹಳ್ಳಕ್ಕೆ, ಊಟ ಕಾರ್ಖಾನೆಗೆ. ಇದು ತಿರುಗುಮುರುಗಾಗಬೇಕಿತ್ತು ಅಲ್ವಾ?

ಸರ್ಕಾರ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಮರಿಮೀನು ಹಿಟ್ಟಿನ ಕಾರ್ಖಾನೆಗೆ ಹೋಗದ ಹಾಗೆ ಬಂದರಿನಲ್ಲೇ ತಡೀಬೇಕು. ಬಲೆ ತುಂಬಿದ ದಿನ ಮೀನು ಕೆಡದ ಹಾಗೆ ಐಸು, ಶೀತಲಗೃಹ ಒದಗಿಸಬೇಕು. ಆಗ ಮೀನುಗಾರನಿಗೂ ನಷ್ಟ ಇಲ್ಲ, ತಿನ್ನೋರಿಗೂ ಮೀನು ಸಿಗುತ್ತೆ. ಹಸಿ ಕಸವನ್ನು ಬೇರೆ ಮಾಡಿ ಕೊಡೋದು ನಮ್ಮ ಕೆಲಸ, ಅದಕ್ಕೆ ಯಾವ ಮಂತ್ರಿಯೂ ಬೇಕಾಗಿಲ್ಲ.

ಆಮೆಗೆ ಹೊಟ್ಟೆ ತುಂಬಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಗಂಜಿ ತಟ್ಟೆಯ ಬೂತಾಯಿ ಎತ್ತಿಕೊಂಡು ಹೋಗಿ ತುಂಬೋದು ಬೇಡ. ಯೋಚನೆ ಮಾಡಿ.