ಉದುರುವ ಎಲೆ



ಎಲೆಯನ್ನು ಕೀಳುವುದು ಬೇರೆ, ಎಲೆ ಉದುರುವುದು ಬೇರೆ. ಮೊದಲನೆಯದು ಹೊರಗಿನ ಕೈಯ ಕೆಲಸ. ಎರಡನೆಯದು ಮರದ ಒಳಗಿನ ವ್ಯವಸ್ಥೆ. ಈ ಭೇದವನ್ನು ಸೂಚಿಸುವ ಪದವೊಂದು ಜೀವವಿಜ್ಞಾನಕ್ಕೂ ಬೇಕಾಯಿತು. ಪೆಟ್ಟು ಬಿದ್ದು ನಾಶವಾಗದೆ, ತಾವಾಗಿಯೇ ಅಚ್ಚುಕಟ್ಟಾಗಿ ಅಳಿಯುವ ಜೀವಕೋಶಗಳನ್ನು ಕೆರ್, ವೈಲಿ, ಕರ್ರಿ ಎಂಬ ಮೂವರು ವಿಜ್ಞಾನಿಗಳು 1972ರಲ್ಲಿ ವರ್ಣಿಸಿದರು. ಆ ಕ್ರಿಯೆಗೆ ಹೆಸರನ್ನು ಸೂಚಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಆ ಪದ ‘ಅಪೊಪ್ಟೋಸಿಸ್’. ಎಲೆ, ಎಸಳು ಉದುರುವುದೆಂದು ಅದರ ಅರ್ಥ. ಭಾಷೆಯನ್ನು ಕಲಿಸುತ್ತಲೇ ಮುಪ್ಪಾದ ನನಗೆ ಇದು ಬಹಳ ಪ್ರಿಯವಾದ ಸಂಗತಿ.

ಈ ಉದುರುವಿಕೆಯಿಲ್ಲದೆ ದೇಹಕ್ಕೆ ರೂಪವಿಲ್ಲ. ಗರ್ಭಸ್ಥ ಶಿಶುವಿನ ಹಸ್ತ ಮೊದಲು ಬಾತುಕೋಳಿಯ ಪಾದದಂತೆ ಕೂಡಿಕೊಂಡಿರುತ್ತದೆ. ನಡುವಣ ಕೋಶಗಳು ಅಳಿದ ಮೇಲೆಯೇ ಬೆರಳುಗಳು ಬಿಡಿಯಾಗುತ್ತವೆ.

ಯಾವ ಕೋಶ ಎರಡಾಗಬೇಕು, ಯಾವುದು ನಿಲ್ಲಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿರ್ಣಯಿಸುವವು ಕೋಶದೊಳಗಿನ ಪ್ರೋಟೀನುಗಳು. ಅವುಗಳಲ್ಲಿ ಪ್ರಮುಖವಾದುದು 1979ರಲ್ಲಿ ಪತ್ತೆಯಾದ ಪಿ-53. ಸಾಮಾನ್ಯವಾಗಿ ಕೋಶವು ಇದನ್ನು ತಯಾರಿಸಿದಂತೆಲ್ಲ ಕರಗಿಸುತ್ತಿರುತ್ತದೆ. ಡಿ.ಎನ್.ಎ. ಎಂಬ ಮೂಲಪ್ರತಿಗೆ ಧಕ್ಕೆಯಾದೊಡನೆ ಇದರ ಪ್ರಮಾಣ ಏರುತ್ತದೆ. ಆಗ ಅದು ಪಿ-21 ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಿಸಿ ವಿಭಜನೆಯನ್ನು ತಡೆಯುತ್ತದೆ, ತಿದ್ದುಪಡಿಗೆ ಕಾಲಾವಕಾಶ ನೀಡುತ್ತದೆ. ತಿದ್ದಲಾಗದಷ್ಟು ಕೆಟ್ಟಿದ್ದರೆ ಕೋಶವನ್ನೇ ಉದುರಿಸುತ್ತದೆ. ಅಪಪಾಠವು ಮುಂದಿನ ಪ್ರತಿಗೆ ಇಳಿಯದಂತೆ ಕಾಯುವ ಗ್ರಂಥಸಂಪಾದಕನ ಕಾರ್ಯವಿದು.

ಸೋಜಿಗವೆಂದರೆ, ಹತ್ತು ವರ್ಷಗಳ ಕಾಲ ಈ ಪ್ರೋಟೀನನ್ನೇ ಕ್ಯಾನ್ಸರಿನ ಪ್ರಚೋದಕವೆಂದು ಭಾವಿಸಲಾಗಿತ್ತು. ಮೊದಮೊದಲು ಪರೀಕ್ಷೆಗೆ ಬಳಸಿದ್ದು ಅದರ ಕೆಟ್ಟ ಪ್ರತಿಗಳನ್ನು. ಆರೋಪಿಯೇ ಕಾವಲುಗಾರನೆಂಬುದು 1989ರಲ್ಲಿ ಸ್ಪಷ್ಟವಾಯಿತು. ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ವಂಶವಾಹಿ ಕೆಟ್ಟಿರುತ್ತದೆ. ಆಗ ಉದುರಬೇಕಾದ ಕೋಶ ಉದುರದೆ ಬೆಳೆಯುತ್ತಲೇ ಹೋಗುತ್ತದೆ.

ಈ ರೋಗ ಬಂದವರ ಮನೆಯಲ್ಲಿ ಪೂರ್ವಕರ್ಮದ ಮಾತನ್ನೆತ್ತುವವರು ಇಂದಿಗೂ ಇದ್ದಾರೆ. ಅದನ್ನು ಕೇಳಿದ ರೋಗಿ ನೋವಿನ ಜೊತೆಗೆ ನಾಚಿಕೆಯನ್ನೂ ಹೊರುತ್ತಾನೆ. ಹೊಗೆಸೊಪ್ಪಿನಂಥ ಕಾರಣ ಕೆಲವೊಮ್ಮೆ ಕಾಣುತ್ತದೆ, ನಿಜ. ಎಷ್ಟೋ ವೇಳೆ ನಡೆದಿರುವುದು ಲಿಪಿಕಾರನ ಕೈತಪ್ಪಿನಂಥ ಒಂದು ಆಕಸ್ಮಿಕ: ಕೋಟ್ಯಂತರ ಪ್ರತಿಗಳಲ್ಲಿ ಎಲ್ಲೋ ಒಂದು ಅಕ್ಷರ ತಪ್ಪಿತು, ತಿದ್ದುವವನ ಕಣ್ಣು ಮಂಜಾಯಿತು. ಇಷ್ಟನ್ನು ತಿಳಿದವರು ಅಂಥವರನ್ನು ಕಾಣಲು ಹೋದಾಗ ಯಾವ ಪಾಪದ ಫಲವೆಂದು ಕೇಳಲಾರರು. ಸುಮ್ಮನೆ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತು ಬರುತ್ತಾರೆ.