ಕಡಲ ಕೇರಿಯ ನೆಲ ಯಾರ ಹೆಸರಿನಲ್ಲಿದೆ?



ಈ ವಿಚಾರ ಸಂಕಿರಣದ ಸಂಚಾಲಕರು ಆಶಯ ಭಾಷಣಕ್ಕೆ ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ಕಡಲ ತಡಿಯ ಕೇರಿಗಳ ಪುನಶ್ಚೇತನದ ಬಗ್ಗೆ ನಡೆಯುವ ಸಭೆಗಳಲ್ಲಿ ಕೇರಿಯವರು ಸಾಮಾನ್ಯವಾಗಿ ಹಿಂದಿನ ಕುರ್ಚಿಗಳಲ್ಲಿ ಕೂತು ಕೇಳಿಸಿಕೊಂಡು ಹೋಗುತ್ತಾರೆ. ಇಲ್ಲಿ ನಾಳೆ ಬೆಳಗಿನ ಗೋಷ್ಠಿ ಪೂರ್ತಿ ಅವರದು. ಇದಕ್ಕಾಗಿ ಸಂಘಟಕರಿಗೆ ನನ್ನ ಮೊದಲ ವಂದನೆ.

ಆಶಯ ಭಾಷಣದಲ್ಲಿ ಈವರೆಗಿನ ಅಧ್ಯಯನಗಳ ಸಮೀಕ್ಷೆ ಇರಬೇಕೆಂಬ ವಾಡಿಕೆ ಇದೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಮುಂದಿನ ಸಾಲಿನಲ್ಲಿಯೇ ಇದ್ದಾರೆ. ಎಲಿನಾರ್ ಆಸ್ಟ್ರಮ್ ಅವರ 1990ರ ಪುಸ್ತಕವನ್ನು ನಮ್ಮ ಕೆರೆ, ಗೋಮಾಳಗಳ ಜತೆ ಇಟ್ಟು ಓದಿದ ಅರ್ಥಶಾಸ್ತ್ರದ ಗೆಳೆಯರಿದ್ದಾರೆ. ಲಂಡನ್ನಿನ ದುಡಿಯುವ ಜನರ ಬೀದಿಗಳಿಗೆ ಉಳ್ಳವರು ಬಂದು ಸೇರಿ ಹಳಬರು ಖಾಲಿಯಾದುದನ್ನು ರೂತ್ ಗ್ಲಾಸ್ 1964ರಲ್ಲಿ ಗುರುತಿಸಿದ್ದನ್ನು ತರಗತಿಯಲ್ಲಿ ಪಾಠ ಮಾಡುವವರಿದ್ದಾರೆ. ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ ಶೆರ್ರಿ ಆರ್ನ್‌ಸ್ಟೀನ್ ಅವರ 1969ರ ಲೇಖನವಂತೂ ಈ ಸಭಾಂಗಣದಲ್ಲಿ ಎಲ್ಲರಿಗೂ ಬಾಯಿಪಾಠ.

ನನ್ನ ತಕರಾರು ಶುರುವಾಗುವುದು ಆ ಏಣಿಯಿಂದಲೇ. ನಮ್ಮ ಶಾಸ್ತ್ರ ಅದನ್ನು ಹೊತ್ತು ಊರೂರು ಸುತ್ತಿತು. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಅಳೆಯಿತು. ಏಣಿಯನ್ನು ಊರಿದ ನೆಲ ಯಾರದೆಂದು ಮಾತ್ರ ಕೇಳಲಿಲ್ಲ. ಸಮುದಾಯ ಯೋಜನೆಗಳ ಅಧ್ಯಯನ ದಾರಿ ತಪ್ಪಿದ್ದು ಅಲ್ಲಿ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಇವತ್ತೂ ಅದನ್ನೇ ಹೇಳಲು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದೂರಿನಲ್ಲಿ ಕಡಲತೀರದ ಅಭಿವೃದ್ಧಿಯ ಸಭೆ ನಡೆಯಿತು. ತಜ್ಞರೆಂದು ಕರೆದವರಲ್ಲಿ ನಾನೂ ಇದ್ದೆ. ಗೋಡೆಯ ಮೇಲೆ ದೊಡ್ಡ ನಕ್ಷೆ. ಮನೆಗಳ ಸಾಲಿಗೂ ನೀರಿಗೂ ನಡುವಿನ ಉದ್ದನೆಯ ಪಟ್ಟಿಗೆ ತಿಳಿ ಹಳದಿ ಬಳಿದು ‘ಖಾಲಿ ಜಾಗ’ ಎಂದು ಬರೆದಿದ್ದರು. ಆ ಜಾಗ ನನಗೆ ಗೊತ್ತಿತ್ತು. ಮಳೆ ಹಿಂದೆ ಸರಿದ ಮೇಲೆ ಹೆಂಗಸರು ಅಲ್ಲಿ ಹಳೆಯ ಬಲೆ ಹಾಸಿ ಸಿಗಡಿ ಹರವುತ್ತಾರೆ. ಕಾಗೆ ಕೂರದಿರಲೆಂದು ಕೋಲಿನ ತುದಿಗೆ ಕಪ್ಪು ಪ್ಲಾಸ್ಟಿಕ್ ಕಟ್ಟಿರುತ್ತಾರೆ. ಕಡಲು ಕೆರಳಿದ ದಿನಗಳಲ್ಲಿ ನಾಡದೋಣಿಗಳನ್ನು ಅಲ್ಲಿಗೇ ಎಳೆದು ತಂದು ತೆಂಗಿನ ಮಡಲು ಹೊದಿಸುತ್ತಾರೆ. ಹರಿದ ಬಲೆಯ ಕಣ್ಣು ಕಟ್ಟುವುದೂ ಅಲ್ಲೇ, ಮದುವೆಗೆ ಚಪ್ಪರ ಹಾಕುವುದೂ ಅಲ್ಲೇ. ಇಷ್ಟೆಲ್ಲ ನಡೆಯುವ ಜಾಗ ನಕ್ಷೆಯಲ್ಲಿ ಖಾಲಿ. ಹಾಜರಿ ಪುಸ್ತಕದಲ್ಲಿ ಕೇರಿಯವರ ಸಹಿ ಪುಟ ತುಂಬ ಇತ್ತು. ಪಾಲ್ಗೊಳ್ಳುವಿಕೆಯ ಲೆಕ್ಕಕ್ಕೆ ಅದು ಮಾದರಿ ಸಭೆ. ಆ ಸಹಿಗಳ ಬಲದ ಮೇಲೆಯೇ ನಕ್ಷೆ ಮುಂದಕ್ಕೆ ಹೋಯಿತು.

ಕಾನೂನಿನಲ್ಲಿ ದಾರಿ ಇರಲಿಲ್ಲ ಎನ್ನುವಂತಿಲ್ಲ. 2011ರ ಕರಾವಳಿ ನಿಯಂತ್ರಣ ವಲಯ ಅಥವಾ ಸಿಆರ್‌ಝಡ್ ಅಧಿಸೂಚನೆಯು ಮೀನುಗಾರರ ಹಳ್ಳಿಗಳನ್ನು, ಅವರ ಸಾಮೂಹಿಕ ಜಾಗಗಳನ್ನು, ಮೀನು ಒಣಗಿಸುವ ಸ್ಥಳಗಳನ್ನು ಕೂಡ ನಕ್ಷೆಯಲ್ಲಿ ಗುರುತಿಸಬೇಕೆಂದು ಹೇಳಿತು. ಹಳದಿ ಪಟ್ಟಿ ಬರೆದವರು ಅದನ್ನು ಓದಿದ್ದರೆ ಸಾಕಿತ್ತು.

ಈಗ ಸ್ವಲ್ಪ ದೂರ ಹೋಗೋಣ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹೇಸ್ಟಿಂಗ್ಸ್ ಎಂಬ ಊರಿದೆ. ನಮ್ಮ ವಿಷಯಕ್ಕೆ ಬೇಕಾದ ಪಾಠಗಳೆಲ್ಲ ಆ ಒಂದೇ ಊರಿನಲ್ಲಿ ಸಿಗುತ್ತವೆ. ರೈಲು ಹತ್ತಿ ಕಡಲಿಗೆ ಬರುವ ಲಂಡನ್ನಿಗರ ಕಾಲದಲ್ಲಿ ಕಳೆಗಟ್ಟಿದ್ದ ಊರು ಅದು. ಜನ ಅಗ್ಗದ ವಿಮಾನದಲ್ಲಿ ಸ್ಪೇನಿಗೆ ಹೋಗತೊಡಗಿದ ಮೇಲೆ ಇಂಥ ಊರುಗಳು ಸೊರಗಿದವು. ದೊಡ್ಡ ಹೋಟೆಲುಗಳು ತುಂಡುತುಂಡಾಗಿ ಒಂಟಿ ಕೋಣೆಗಳ ಬಾಡಿಗೆ ಮನೆಗಳಾದವು. ಅಲ್ಲಿ 1872ರಲ್ಲಿ ಕಡಲಿನೊಳಕ್ಕೆ ಚಾಚುವಂತೆ ಕಟ್ಟಿದ ಒಂದು ವಿಹಾರ ಸೇತುವೆ ಇತ್ತು, ಅವರು ಪಿಯರ್ ಎನ್ನುತ್ತಾರೆ. ಅದರ ಮಾಲೀಕತ್ವ ಕೊನೆಗೆ ಪನಾಮಾದಲ್ಲಿ ನೋಂದಾಯಿಸಿದ ಕಂಪನಿಯೊಂದರ ಪಾಲಾಗಿತ್ತು. 2008ರಲ್ಲಿ ಅಪಾಯವೆಂದು ಮುಚ್ಚಿದರು. 2010ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ಮೇಲ್ಭಾಗ ಬಹುತೇಕ ಸುಟ್ಟಿತು.

ಊರವರು ಬಿಡಲಿಲ್ಲ. ಚಳವಳಿ ಮಾಡಿದರು, ಟ್ರಸ್ಟ್ ಕಟ್ಟಿದರು. ನಗರಸಭೆ 2013ರಲ್ಲಿ ಅದನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡು ಊರವರ ಟ್ರಸ್ಟಿಗೆ ಒಪ್ಪಿಸಿತು. ಲಾಟರಿ ಹಣದ ಪರಂಪರೆ ನಿಧಿಯಿಂದ ಒಂದು ಕೋಟಿ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಬಂತು. ಸುಮಾರು 3,000 ಜನ ತಮ್ಮ ಉಳಿತಾಯದಿಂದ ಸಮುದಾಯ ಷೇರು ಕೊಂಡರು. ಸುಟ್ಟು ಉಳಿದ ಮರದ ಹಲಗೆಗಳನ್ನೇ ಹೆರೆದು ಹೊಸ ಕಟ್ಟಡದ ಹೊರಮೈಗೆ ಹೊದಿಸಿದರು, ಬೆಂಚು ಮಾಡಿದರು. 2016ರ ಏಪ್ರಿಲಿನಲ್ಲಿ ಪಿಯರ್ ಮತ್ತೆ ತೆರೆಯಿತು. 2017ರ ಅಕ್ಟೋಬರ್ ಕೊನೆಯಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಬಂತು.

ಪ್ರಶಸ್ತಿ ಬಂದ ಮರು ತಿಂಗಳೇ ಟ್ರಸ್ಟ್ ದಿವಾಳಿಯಾಗಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2018ರಲ್ಲಿ ಪಿಯರನ್ನು ಪಕ್ಕದೂರಿನ ಒಬ್ಬ ಹೋಟೆಲ್ ಉದ್ಯಮಿಗೆ ಮಾರಿದರು. ಪತ್ರಿಕೆಗಳು ವರದಿ ಮಾಡಿದ ಬೆಲೆ 50,000 ಪೌಂಡ್. ಕೋಟಿಗಟ್ಟಲೆ ಸಾರ್ವಜನಿಕ ಹಣ, ಸಾವಿರಾರು ಜನರ ಉಳಿತಾಯ ಸುರಿದ ಆಸ್ತಿ ಒಂದು ಸಣ್ಣ ಮನೆಯ ಬೆಲೆಗೂ ಕಡಿಮೆಗೆ ಹೋಯಿತು.

ಇದನ್ನು ಓದಿದವರು ಎರಡು ಗುಂಪಾಗುತ್ತಾರೆ. ಸಮುದಾಯಕ್ಕೆ ನಡೆಸಲು ಬರುವುದಿಲ್ಲ ಎಂದು ಒಬ್ಬರು, ಸರ್ಕಾರ ಕೈಬಿಟ್ಟಿತು ಎಂದು ಇನ್ನೊಬ್ಬರು. ನನಗೆ ಕಾಣುವುದೇ ಬೇರೆ. ಉಪ್ಪುನೀರಿನಲ್ಲಿ ನಿಂತ ಕಬ್ಬಿಣದ ಕಂಬಗಳು ವರ್ಷ ವರ್ಷ ದುಡ್ಡು ತಿನ್ನುತ್ತವೆ. ಕಟ್ಟಲು ಅನುದಾನ ಸಿಗುತ್ತದೆ, ಬಣ್ಣ ಬಳಿಯಲು ಸಿಗುವುದಿಲ್ಲ. ಆ ವೆಚ್ಚ ಹೊರಬಲ್ಲ ಬಾಡಿಗೆ ಆಸ್ತಿ ಟ್ರಸ್ಟಿನ ಕೈಯಲ್ಲಿರಲಿಲ್ಲ. ಪಿಯರಿನಿಂದಾಗಿ ಎದುರು ಬೀದಿಗೆ ಏನಾದರೂ ಲಾಭವಾದರೆ ಅದು ಸೇರುತ್ತಿದ್ದುದು ಆ ಬೀದಿಯ ಕಟ್ಟಡಗಳ ಮಾಲೀಕರಿಗೆ. ಸಮುದಾಯಕ್ಕೆ ದಕ್ಕಿದ್ದು ಖರ್ಚಿನ ಭಾಗ ಮಾತ್ರ.

ಅದೇ ಊರು, ಪಿಯರಿನಿಂದ ಕೂಗಳತೆಯ ದೂರ. ವೈಟ್ ರಾಕ್ ಎಂಬ ಭಾಗದಲ್ಲಿ ಇನ್ನೊಂದು ಗುಂಪು ಅಂಥ ಚೆಂದವೇನೂ ಇಲ್ಲದ ಕಟ್ಟಡಗಳನ್ನು ಕೊಳ್ಳತೊಡಗಿತು. 2014ರಲ್ಲಿ ರಾಕ್ ಹೌಸ್ ಎಂಬ ಒಂಬತ್ತು ಮಹಡಿಯ ಹಳೆಯ ಕಚೇರಿ ಕಟ್ಟಡ. 2019ರಲ್ಲಿ ಅದರ ಸಮೀಪದಲ್ಲೇ ಇದ್ದ, ಹಿಂದೆ ಅಲ್ಲಿನ ಸ್ಥಳೀಯ ಪತ್ರಿಕೆ ಅಚ್ಚಾಗುತ್ತಿದ್ದ ಅಬ್ಸರ್ವರ್ ಕಟ್ಟಡ. ಈ ಎರಡನೆಯದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಳು ಬಿದ್ದಿತ್ತು. ಆ ಅವಧಿಯಲ್ಲಿ ಅದು ಮಾಲೀಕನಿಂದ ಮಾಲೀಕನಿಗೆ ಹೋಗುತ್ತಲೇ ಇತ್ತು, ಒಳಗೆ ಮಳೆ ನೀರು ಸೋರುತ್ತಲೇ ಇತ್ತು. ಈ ಗುಂಪು ಕೊಂಡ ಜಾಗಗಳಲ್ಲಿ ಮನೆ ಇದೆ, ಕೆಲಸದ ಕೋಣೆ ಇದೆ. ಬಾಡಿಗೆಗೆ ಮಿತಿ ಹಾಕಿದ್ದಾರೆ, ಊರಿನ ಮಾರುಕಟ್ಟೆ ಏರಿದರೂ ಅದು ಜತೆಗೆ ಜಿಗಿಯುವುದಿಲ್ಲ. ಲಂಡನ್ನಿನಿಂದ ಹೊಸಬರು ಬಂದು ಊರಿನ ಬಾಡಿಗೆ ಏರಿದ ಕಾಲದಲ್ಲಿ ಈ ಮಿತಿಯ ಬೆಲೆ ಏನೆಂದು ಅಲ್ಲಿರುವವರಿಗೆ ಗೊತ್ತು. ಈ ಕಟ್ಟಡಗಳಿಗೆ ಸ್ಟರ್ಲಿಂಗ್ ಪ್ರಶಸ್ತಿ ಬಂದಿಲ್ಲ. ಪ್ರಶಸ್ತಿಗಿಂತ ದೊಡ್ಡ ಸಾಧನೆ ಎಂದು ನಾನು ಎಣಿಸುವುದು ಆ ಬಾಡಿಗೆಯ ಮಿತಿಯನ್ನೇ.

ಹೇಸ್ಟಿಂಗ್ಸಿನ ಮೂರನೆಯ ಜಾಗವೊಂದನ್ನು ಮೀನುಗಾರ ಬಂಧುಗಳಿಗಾಗಿ ಹೇಳಲೇಬೇಕು. ಆ ಊರಿಗೆ ಬಂದರಿಲ್ಲ. ಮೀನು ದೋಣಿಗಳನ್ನು ದಂಡೆಯ ಕಲ್ಲುಹರಳಿನ ಮೇಲಿಂದಲೇ ನೀರಿಗೆ ಇಳಿಸುತ್ತಾರೆ, ದಂಡೆಗೇ ಎಳೆದು ತರುತ್ತಾರೆ. ದಂಡೆಯಿಂದ ಇಳಿಯುವ ದೋಣಿಗಳ ಪೈಕಿ ಬ್ರಿಟನ್ನಿನಲ್ಲಿ ಇದೇ ದೊಡ್ಡ ಪಡೆ. ಸ್ಟೇಡ್ ಎಂದು ಕರೆಯುವ ಆ ದಂಡೆಯಲ್ಲಿ ಬಲೆ ಇಡುವ ಮರದ ಗೂಡುಗಳಿವೆ. ಡಾಂಬರು ಬಳಿದು ಕಪ್ಪಗಾದ, ಕಿರಿದಾದ, ಎತ್ತರದ ಗೂಡುಗಳು. ಜಾಗ ಇಕ್ಕಟ್ಟಾದ್ದರಿಂದ ಮೇಲಕ್ಕೆ ಬೆಳೆದವು. 2012ರಲ್ಲಿ ಅವುಗಳ ಪಕ್ಕಕ್ಕೇ ಒಂದು ಕಲಾ ಗ್ಯಾಲರಿ ಬಂತು. ಗೂಡುಗಳಿಗೆ ಹೊಂದಲೆಂದು ಅದರ ಗೋಡೆಗೂ ಕಪ್ಪು ಹೆಂಚು ಹೊದಿಸಿದರು. ಮೀನುಗಾರರು ಬಲವಾಗಿ ವಿರೋಧಿಸಿದರು, ಆದರೂ ಗ್ಯಾಲರಿ ಎದ್ದಿತು. ಅದರ ಎದುರಿಗೆ ದೋಣಿಗಳು ಇವತ್ತಿಗೂ ಇವೆ. ಗ್ಯಾಲರಿಯವರ ಒಳ್ಳೆಯತನವೇ ಇದಕ್ಕೆ ಕಾರಣ ಎಂದು ನಾನು ನಂಬುವುದಿಲ್ಲ. ದಂಡೆಯನ್ನು ಬಳಸುವ ಮೀನುಗಾರರ ಹಳೆಯ ಹಕ್ಕು ಅಲ್ಲಿ ಮಾನ್ಯವಾಗಿ ಉಳಿದಿದೆ, ಕಾರಣ ಅದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅವರ ಸೌಜನ್ಯ ದೊಡ್ಡದು, ಇನ್ನು ಸ್ವಲ್ಪ ಹೊತ್ತು ಅದನ್ನು ಬಳಸಿಕೊಳ್ಳುತ್ತೇನೆ. ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆಗೆ ಈಗ ಬಂದೆ.

ನೆಲವನ್ನು ಸಮುದಾಯ ಹಿಡಿದಿಟ್ಟುಕೊಳ್ಳಬೇಕು ಎಂಬುದು ಈ ಮೂರು ಜಾಗಗಳಿಂದ ನನಗೆ ಸಿಕ್ಕ ಪಾಠ. ಹಾಗಾದರೆ ಸಮುದಾಯದ ಪಟ್ಟಿಯಲ್ಲಿ ಯಾರ ಹೆಸರು ಬರೆಯುವುದು?

ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ, ದಡಕ್ಕೆ ಎಳೆಯುವ ದೊಡ್ಡ ಬಲೆ ಇದ್ದ ಕಾಲದಲ್ಲಿ ಇದಕ್ಕೆ ಒಂದು ಉತ್ತರ ಇತ್ತು. ಒಂದು ರಂಪಣಿ ಬಲೆ ಎಳೆಯಲು ಹತ್ತಾರು ಜನರ ಕೂಟ ಬೇಕಿತ್ತು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಹಗ್ಗ ಹಿಡಿದವನಿಗೆ ಇಷ್ಟು ಎಂದು ಲೆಕ್ಕ. ಹಗ್ಗ ಹಿಡಿದವನು ಪಾಲುದಾರ. 1970ರ ದಶಕದ ಮಧ್ಯದಲ್ಲಿ ಕಡಲಿನಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಚಿಕ್ಕದಾದ ಕೈರಂಪಣಿ ಈಗಲೂ ಅಲ್ಲಲ್ಲಿ ಉಳಿದಿದೆ. ಬಲೆ ಹೋದದ್ದರ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಪಾಲುದಾರನನ್ನು ಗುರುತಿಸುವ ಒಂದು ಕ್ರಮವೂ ಅದರ ಜತೆ ಹೋಯಿತು ಎಂಬುದನ್ನು ಬರೆದವರು ಕಡಿಮೆ.

ಅದು ಕೂಡ ಪೂರ್ಣ ಉತ್ತರ ಆಗಿರಲಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮೀನು ಮಾರಿದ ಹೆಂಗಸು ಹಗ್ಗ ಹಿಡಿಯಲಿಲ್ಲ. ಮೀನು ಒಣಗಿಸುವ ಜಾಗ ಅವಳದೇ ದುಡಿಮೆಯ ಜಾಗ. ಅವಳ ಹೆಸರು ಎಲ್ಲಿ? ಇವತ್ತು ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟಿನಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ಒಡಿಶಾ, ಆಂಧ್ರದ ಕಡೆಯವರು. ಕಡಲಿಗೆ ಹೋಗುವವರು ಅವರು, ಕೇರಿಯ ಬಾಡಿಗೆ ಕೋಣೆಯಲ್ಲಿ ಇರುವವರು ಅವರು, ಬಾಡಿಗೆ ಏರಿದಾಗ ಮೊದಲು ಜಾಗ ಖಾಲಿ ಮಾಡುವವರೂ ಅವರೇ. ಅವರು ಸಮುದಾಯವೋ ಹೊರಗಿನವರೋ? ಇನ್ನೊಂದು ತುದಿಯಲ್ಲಿ ಇಲ್ಲಿಂದ ಮುಂಬಯಿಗೆ ಹೋಗಿ ನೆಲೆಸಿದ ಮೀನುಗಾರ ಬಂಧುಗಳು. ಅವರ ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ 1902ರಷ್ಟು ಹಿಂದೆ ಹುಟ್ಟಿತು. ತಲೆಮಾರುಗಳಿಂದ ಅಲ್ಲಿ ದುಡಿದು ಊರಿಗೆ ನೆರವಾದವರು ಅವರು. ಊರಿನ ಮನೆ ಅವರ ಹೆಸರಿನಲ್ಲಿರುತ್ತದೆ, ಬೀಗವೂ ಬಿದ್ದಿರುತ್ತದೆ. ಆ ಮನೆ ನಾಳೆ ಹೋಮ್‌ಸ್ಟೇ ಆದರೆ ತಡೆಯುವ ಹಕ್ಕು ಪಕ್ಕದ ಮನೆಯವರಿಗೆ ಇರಬೇಕೇ?

ಹೇಸ್ಟಿಂಗ್ಸಿನ ಪಿಯರ್ ಟ್ರಸ್ಟಿನವರು ಷೇರು ಕೊಂಡವರನ್ನು ಸದಸ್ಯರೆಂದರು. ಅದು ಸುಲಭ, ಆದರೆ ಷೇರಿಗಾಗಿ ನೂರು ಪೌಂಡ್ ಎತ್ತಿಡಲಾಗದವನು ಹೊರಗೆ ಉಳಿಯುತ್ತಾನೆ. ಹುಟ್ಟಿದವರು ಮಾತ್ರ ಎಂದರೆ ಜಾತಿಯ ಬೇಲಿ ಎದ್ದು ನಿಲ್ಲುತ್ತದೆ. ವಾಸವಿರುವ ಎಲ್ಲರೂ ಎಂದರೆ ನಿನ್ನೆ ಬಂದು ಬಂಗಲೆ ಕಟ್ಟಿದವನೂ ಒಳಗೆ ಬರುತ್ತಾನೆ. ದುಡಿಮೆಯನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಆ ಅಳತೆಯಲ್ಲಿ ಬಲೆ, ಬುಟ್ಟಿ, ಬೋಟು ಮೂರೂ ಬರಬೇಕು. ಮುದಿ ವಯಸ್ಸಿನಿಂದ ದುಡಿಮೆ ನಿಂತವರನ್ನು ಆಗ ಏನು ಮಾಡುವುದು ಎಂದು ಮೀನುಗಾರ ಸಂಘದ ಹಿರಿಯರೊಬ್ಬರು ಕೇಳಿದರು. ಅವರ ಮಾತಿಗೆ ನನ್ನಲ್ಲಿ ಇನ್ನೂ ಉತ್ತರ ಇಲ್ಲ. ಅವರು ಈ ಸಭೆಯಲ್ಲಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ನೆಲ ಯಾರದೆಂದು ಕೇಳದೆ ಬರುವ ಗೌರವಗಳು ನಮ್ಮಲ್ಲೂ ಇವೆ. ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ನೀರಿನ ಶುದ್ಧಿ, ಸುರಕ್ಷತೆ, ಪರಿಸರ ಶಿಕ್ಷಣ, ನಿರ್ವಹಣೆ ಎಂದು 33 ಮಾನದಂಡ ದಾಟಿ ಬಂದ ಗೌರವ ಅದು. ಸ್ವಚ್ಛ ಮರಳು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಮರಳಿನ ಹಿಂದಿನ ಮನೆಯಾಕೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿ ಹಾಕಿದ ಹಕ್ಕುಪತ್ರದ ಅರ್ಜಿ ಎಲ್ಲಿಗೆ ಬಂತು ಎಂದು ಕೇಳುವುದು ಆ ಧ್ವಜದ ಕೆಲಸವಲ್ಲ. ಅದು ಈ ಸಭಾಂಗಣದಲ್ಲಿ ಕೂತವರ ಕೆಲಸ. ಅರ್ಜಿಗಳು ಸಿಆರ್‌ಝಡ್ ಹೆಸರಿನಲ್ಲಿ ನಿಂತುಬಿಡುವುದು, ಅದೇ ತೀರದಲ್ಲಿ ರೆಸಾರ್ಟಿನ ಕಡತ ಸಾಗುವುದು, ಎರಡನ್ನೂ ಕಂಡವರು ಇಲ್ಲಿ ಬಹಳ ಜನ ಇದ್ದೀರಿ.

ಆದ್ದರಿಂದ ಈ ಎರಡು ದಿನ ಪ್ರಬಂಧ ಮಂಡಿಸುವ ಎಲ್ಲರಲ್ಲಿ ಒಂದೇ ಕೋರಿಕೆ. ನಿಮ್ಮ ಪ್ರಬಂಧಕ್ಕೆ ಒಂದು ಪುಟ ಸೇರಿಸಿ. ನೀವು ಅಧ್ಯಯನ ಮಾಡಿದ ಜಾಗದ ಸರ್ವೆ ನಂಬರು, ಪಹಣಿಯಲ್ಲಿರುವ ಹೆಸರು, ಅದು ಸರ್ಕಾರಿ ಪರಂಬೋಕೋ ಖಾಸಗಿ ಪಟ್ಟಾ ಜಮೀನೋ ಎಂಬುದು, ಯೋಜನೆ ಬರುವ ಮುಂಚೆ ಮತ್ತು ಬಂದ ಮೇಲೆ ಹಿಂದಿನ ಬೀದಿಯ ಬಾಡಿಗೆ, ವರ್ಷದ ದುರಸ್ತಿಗೆ ಹಣ ಕೊಡುವವರು ಯಾರು ಎಂಬುದು, ಇಷ್ಟು ಬರೆಯಿರಿ. ಮಾಹಿತಿ ಇಲ್ಲದವರು ನಾಳೆಯ ಗೋಷ್ಠಿ ಮುಗಿದ ಮೇಲೆ ಸಂಘದವರ ಜತೆ ಕೂತುಕೊಳ್ಳಿ, ಅವರಿಗೆ ಎಲ್ಲ ಗೊತ್ತಿದೆ. ಸಂಕಿರಣದ ಪುಸ್ತಕ ಅಚ್ಚಾಗುವಾಗ ಆ ಪುಟ ಇಲ್ಲದ ಪ್ರಬಂಧವನ್ನು ಸೇರಿಸಬೇಡಿ ಎಂದು ಸಂಪಾದಕರಿಗೆ ಈ ವೇದಿಕೆಯಿಂದಲೇ ವಿನಂತಿಸುತ್ತೇನೆ.